ಗೇಟಿನ ಮುಂದಿನ ಎಲೆ

ಬೊಬ್ಲಿಂಗೆನ್, ಜರ್ಮನಿ
27 ಅಕ್ಟೋಬರ್ 2024

ಸುರಭಿಯ ಅಪ್ಪನಿಗೆ,

ನೀವು ಹೋಗಿ ಮೂರು ವಾರ ಆಯಿತು. ದಿನಾ ವಿಡಿಯೋ ಕಾಲ್ ಮಾಡುತ್ತೀರಿ, ನಿಜ. ಆದರೆ ನಾನು ಏನಾದರೂ ಕೇಳಿದ ಕೂಡಲೇ ಫೋನನ್ನು ಸಮುದ್ರದ ಕಡೆ ತಿರುಗಿಸುತ್ತೀರಿ. "ಬಣ್ಣ ನೋಡು ಕಲ್ಯಾಣಿ, ಬಣ್ಣ ನೋಡು" ಅನ್ನುತ್ತೀರಿ. ಬಣ್ಣ ನೋಡಿದ್ದಾಯಿತು ಮಾರಾಯ್ರೆ. ನಾನು ಕೇಳಿದ್ದು ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು. ಆಮೇಲೆ ಇಬ್ಬರಿಗೂ ಸಿಟ್ಟು ಬರುತ್ತದೆ, ಮಾತು ತುಳುವಿಗೆ ಹೊರಳುತ್ತದೆ, ಯಾರಾದರೊಬ್ಬರು ಫೋನ್ ಇಡುತ್ತೇವೆ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಜಗಳಕ್ಕೆ ತುಳು, ಪತ್ರಕ್ಕೆ ಕನ್ನಡ. ಅದಕ್ಕೇ ಈ ಕಾಗದ. ಇನ್ನು ಮೇಲೆ ಫೋನಿನಲ್ಲಿ "ಹುಷಾರಾ?" "ಹುಷಾರು" ಅಷ್ಟೇ ಸಾಕು. ಉಳಿದದ್ದನ್ನು ಬರೆಯಿರಿ. ಕಾಗದದಲ್ಲಿ ಕ್ಯಾಮೆರಾ ತಿರುಗಿಸಲು ಬರುವುದಿಲ್ಲ.

ನೀವು ಸಹಿ ಹಾಕಿಟ್ಟು ಹೋದ ಕ್ಯುಂಡಿಗುಂಗ್ ಫ್ರಿಜ್ಜಿನ ಬಾಗಿಲ ಮೇಲೆಯೇ ಇದೆ. ಮನೆ ಬಿಡುತ್ತೇವೆ ಎಂದು ಮಾಲೀಕರಿಗೆ ಕೊಡುವ ನೋಟಿಸು, ನನ್ನ ಸಹಿ ಒಂದು ಬಾಕಿ. ಮಾರ್ಚ್ ಕೊನೆಯೊಳಗೆ ಕೊಟ್ಟರೆ ಜೂನ್ ಕೊನೆಗೆ ಮನೆ ಖಾಲಿ. ಹಾಲು ತೆಗೆಯುವಾಗಲೆಲ್ಲ ನಿಮ್ಮ ಸಹಿ ನನ್ನನ್ನು ನೋಡುತ್ತದೆ. ನಿವೃತ್ತಿಯಾದ ಮೇಲೆ ಇಬ್ಬರೂ ಬಾಲಿಗೆ ಎರಡು ವಾರ ತಿರುಗಾಟಕ್ಕೆ ಹೋದೆವು. ನಾನು ಒಂದು ಶಂಖ ತಂದೆ, ನೀವು ಒಂದು ತೀರ್ಮಾನ ತಂದಿರಿ. ಶಂಖವನ್ನಾದರೂ ಷೋಕೇಸಿನಲ್ಲಿ ಇಡಬಹುದು.

ನನಗೆ ಅಲ್ಲಿಗೆ ಬರಲು ಇಷ್ಟವಿಲ್ಲ ಎಂದಲ್ಲ. ಇಷ್ಟವಿದೆಯೋ ಇಲ್ಲವೋ ಗೊತ್ತಾಗಬೇಕಾದರೆ ಮೊದಲು ಅಲ್ಲಿ ದಿನ ಹೇಗೆ ಕಳೆಯುತ್ತದೆ ಎಂದು ಗೊತ್ತಾಗಬೇಕು. ನೀರು ಪರೀಕ್ಷೆಯ ಲ್ಯಾಬಿನಲ್ಲಿ ಇಷ್ಟು ವರ್ಷ ದುಡಿದವಳು ನಾನು, ಸ್ಯಾಂಪಲ್ ನೋಡದೆ ರಿಪೋರ್ಟು ಬರೆಯುವವಳಲ್ಲ. ಹೇಳಿ, ಕಸ ಯಾರು ಒಯ್ಯುತ್ತಾರೆ? ಜ್ವರ ಬಂದರೆ ಯಾರ ಬಾಗಿಲು ತಟ್ಟುತ್ತೀರಿ? ಬೆಳಿಗ್ಗೆ ಎದ್ದ ಕೂಡಲೇ ಮೊದಲು ಕೇಳುವ ಸದ್ದು ಯಾವುದು? ಮತ್ತೆ, ಇದು ದೊಡ್ಡ ಪ್ರಶ್ನೆ, ಸಮುದ್ರ, ತೆಂಗಿನಮರ, ಸೆಕೆ ಇಷ್ಟೇ ಬೇಕಿದ್ದರೆ ಮಲ್ಪೆಗೆ ಹೋಗಬಹುದಿತ್ತಲ್ಲ, ಬಾಲಿಗೆ ಯಾಕೆ?

ಈ ವಾರ ಗುಡಿಸುವ ಸರದಿ ನಮ್ಮದು, ಕೇರ್‌ವೊಖೆಯ ಬೋರ್ಡು ನಮ್ಮ ಬಾಗಿಲಿಗೆ ನೇತಾಡುತ್ತಿದೆ. ನಾನೇ ಮೆಟ್ಟಿಲು ಗುಡಿಸಿದೆ. ಎದುರುಮನೆಯ ಫ್ರೌ ಕ್ಯೂಬ್ಲರ್ ನಾನು ಒಳಗೆ ಬಂದ ಮೇಲೆ ಮತ್ತೊಮ್ಮೆ ಗುಡಿಸಲಿಲ್ಲ. ನೀವು ಗುಡಿಸಿದಾಗಲೆಲ್ಲ ಗುಡಿಸುತ್ತಿದ್ದರು.

ಉತ್ತರ ಕಾಯುವವಳು,
ಕಲ್ಯಾಣಿ

*

ಸನೂರ್, ಬಾಲಿ
19 ನವೆಂಬರ್ 2024

ಕಲ್ಯಾಣಿಗೆ,

ನಿನ್ನ ಪತ್ರ ಬಂತು. ಪೋಸ್ಟಿನವನು ಗೇಟಿನ ಮೇಲಿಂದ ಎಸೆದು ಹೋಗಿದ್ದ, ನನಗಿಂತ ಮೊದಲು ಕೋಳಿ ಓದಿತು.

ಕುಡಿಯುವ ನೀರು ದೊಡ್ಡ ನೀಲಿ ಕ್ಯಾನಿನಲ್ಲಿ ಬರುತ್ತದೆ. ನಲ್ಲಿಯಲ್ಲಿ ಬರುವುದು ಬಾವಿಯ ನೀರು, ಸ್ನಾನಕ್ಕೆ, ಪಾತ್ರೆಗೆ. ಕಸಕ್ಕೆ ಲಾರಿ ಬರುತ್ತದೆ, ಬಾರದ ವಾರ ಪಕ್ಕದವರು ಸುಡುತ್ತಾರೆ, ಆಗ ಕಿಟಕಿ ಹಾಕಿಕೊಳ್ಳಬೇಕು. ಬೆಳಿಗ್ಗೆ ಮೊದಲ ಸದ್ದು ಹುಂಜದ್ದು. ಇಲ್ಲಿನ ಹುಂಜಗಳಿಗೆ ಬೆಳಗು ಯಾವಾಗ ಎಂಬ ವಿಷಯದಲ್ಲಿ ಒಮ್ಮತವಿಲ್ಲ. ನಮ್ಮ ಕಡೆಯ ಹಾಗೆಯೇ ಇಲ್ಲೂ ಕೋಳಿ ಅಂಕ ಇದೆ, ಹುಂಜವನ್ನು ಮಗುವಿನ ಹಾಗೆ ಮಡಿಲಲ್ಲಿ ಕೂರಿಸಿಕೊಂಡು ಗಂಡಸರು ಸಂಜೆ ರಸ್ತೆ ಬದಿಯಲ್ಲಿ ಕೂತಿರುತ್ತಾರೆ. ಮಾರ್ಕೆಟ್ಟಿನಲ್ಲಿ ಬಂಗುಡೆ, ಎಳೆ ಹಲಸು, ಕೆಸುವಿನೆಲೆ ಎಲ್ಲ ಸಿಗುತ್ತದೆ. ಪತ್ರೊಡೆ ಮಾಡಲು ಹೋಗಿ ಬಾಯಿ ತುರಿಸಿ ಅರ್ಧ ದಿನ ಮೊಸರು ಕುಡಿದೆ.

ಮಲ್ಪೆಗೆ ಯಾಕೆ ಹೋಗಲಿಲ್ಲ ಎಂದರೆ, ಅಲ್ಲಿ ಎಲ್ಲರೂ ಕೇಳುತ್ತಾರೆ. ಯಾಕೆ ಬಂದಿರಿ, ಮಗಳು ಎಲ್ಲಿ, ಅಲ್ಲಿಯ ಪೆನ್ಶನ್ ಎಷ್ಟು ಎಂದು. ಇಲ್ಲಿ ಯಾರೂ ಏನೂ ಕೇಳುವುದಿಲ್ಲ. ಅದೊಂದು ಸುಖ.

ಇಲ್ಲಿ ನೆಲೆಸಿರುವ ಜರ್ಮನರು ಮಂಗಳವಾರ ಬೀಚಿನ ಒಂದು ಹೋಟೆಲಿನಲ್ಲಿ ಸೇರುತ್ತಾರೆ. ಬಿಸಿಲಿಗಾಗಿ ಬಂದವರು ನೆರಳು ಹುಡುಕಿ ಕೂರುತ್ತಾರೆ, ಕೂತು ರೈ ಬ್ರೆಡ್ಡಿನ ಬಗ್ಗೆ ಮಾತಾಡುತ್ತಾರೆ. ವೀಸಾ, ಬ್ರೆಡ್ಡು, ಸ್ಕೂಟರಿನಿಂದ ಯಾರು ಬಿದ್ದರು, ಇಷ್ಟೇ ವಿಷಯ. ಮೊದಲ ಸಲ ಹೋದಾಗ ಸ್ಟುಟ್‌ಗಾರ್ಟಿನ ಪ್ರವಾಸಿಯೊಬ್ಬ ನನ್ನ ಕೈಗೆ ಸ್ಕೂಟರಿನ ಕೀ ಕೊಟ್ಟ, ಪಾರ್ಕಿಂಗಿನವನು ಎಂದುಕೊಂಡು. ನಾನು ಅವನ ಊರಿನದೇ ಮಾತಿನಲ್ಲಿ, ಅಪ್ಪಟ ಶ್ವಾಬಿಶ್‌ನಲ್ಲಿ, ಇದು ನನ್ನ ಕೆಲಸವಲ್ಲ, ಆದರೂ ನೀವು ಅಡ್ಡ ನಿಲ್ಲಿಸಿದ್ದೀರಿ ಎಂದೆ. ಅವನ ಮುಖ ನೀನು ನೋಡಬೇಕಿತ್ತು. ಊರಿನವರಿಗೆ ನಾನು ಜರ್ಮನಿಯವನು ಎಂದರೆ ನಗು. ಈಗ ನನ್ನ ಹೆಸರು ಪಾಕ್ ಇಂಡಿಯಾ. ಪಾಕ್ ಎಂದರೆ ಇವರಲ್ಲಿ ಯಜಮಾನರೇ ಎಂದ ಹಾಗೆ.

ಮನೆಯ ಮಾಲೀಕ ವಾಯನ್, ಪಕ್ಕದ ಅಂಗಳದಲ್ಲೇ ಇದ್ದಾನೆ. ಅವನ ತಾಯಿಯನ್ನು ಎಲ್ಲರೂ ದಾದೊಂಗ್ ಅನ್ನುತ್ತಾರೆ, ಅಜ್ಜಿ ಎಂದರ್ಥ. ಅವರು ಬೆಳಿಗ್ಗೆ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಅನ್ನ, ಹೂ, ಊದುಬತ್ತಿ ಇಟ್ಟುಕೊಂಡು ಬರುತ್ತಾರೆ. ಕೆಲವನ್ನು ಅಂಗಳದ ಪುಟ್ಟ ಗುಡಿಯ ಮೇಲಿಡುತ್ತಾರೆ. ಒಂದನ್ನು ನನ್ನ ಗೇಟಿನ ಮುಂದೆ ನೆಲದ ಮೇಲೆಯೇ ಇಟ್ಟು ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ನಾಯಿ ಮೂಸುತ್ತದೆ, ಕೋಳಿ ಕುಕ್ಕುತ್ತದೆ, ಪ್ರವಾಸಿಗರು ಮೆಟ್ಟುತ್ತಾರೆ. ನನಗೆ ನೋಡಲಾಗಲಿಲ್ಲ. ಬಿಳಿಯರಿಗೆ ಇದೆಲ್ಲ ತಿಳಿಯದು, ನಮಗೆ ತಿಳಿಯುತ್ತದೆ. ದೇವರಿಗೆ ಇಟ್ಟದ್ದು ನೆಲದಲ್ಲಿ ಇರಬಾರದು. ಹಾಗಾಗಿ ನಾನು ದಿನಾ ಕೈ ತೊಳೆದುಕೊಂಡು ಅದನ್ನು ಎತ್ತಿ ಗೇಟಿನ ಕಂಬದ ಮೇಲೆ ಇಡುತ್ತೇನೆ. ಮೊನ್ನೆ ದಾದೊಂಗ್ ನೋಡಿ ನಕ್ಕರು. ಖುಷಿಯಾಗಿರಬೇಕು.

ನಿನಗೆ ಇಲ್ಲಿ ಸರಿಹೋಗುತ್ತದೆ. ಸಹಿ ಹಾಕಿ ಇಡು.

ನಿನ್ನ,
ಜಗನ್ನಾಥ

*

ಬೊಬ್ಲಿಂಗೆನ್
8 ಡಿಸೆಂಬರ್ 2024

ಸುರಭಿಯ ಅಪ್ಪನಿಗೆ,

ಈ ಪತ್ರ ಚೆನ್ನಾಗಿತ್ತು. ಹುಂಜದ ಭಾಗವನ್ನು ಫೋನಿನಲ್ಲಿ ಸುರಭಿಗೆ ಓದಿ ಹೇಳಿದೆ, ಬರ್ಲಿನ್ನಿನಲ್ಲಿ ಕೂತು ನಕ್ಕಳು. ಆಮೇಲೆ ಎಂದಿನ ಹಾಗೆ ಜರ್ಮನ್‌ನಲ್ಲಿ, "ಮಮ್ಮಾ, ನಿಮ್ಮಿಬ್ಬರ ನಡುವೆ ಏನು ನಡೀತಿದೆ?" ಎಂದಳು. ಪತ್ರ ವ್ಯವಹಾರ ಎಂದೆ.

ಪತ್ರೊಡೆಗೆ ಹುಳಿ ಕಮ್ಮಿ ಹಾಕಿದ್ದೀರಿ, ಅದಕ್ಕೇ ತುರಿಸಿದ್ದು. ನೀಲಿ ಕ್ಯಾನಿನೊಳಗೆ ಟಾರ್ಚು ಬಿಟ್ಟು ನೋಡಿ, ಗೋಡೆಗೆ ಹಸಿರು ಹಿಡಿದಿದ್ದರೆ ಬೇರೆ ತರಿಸಿ. ಜ್ವರ ಬಂದರೆ ಯಾರ ಬಾಗಿಲು ಎಂದು ಕೇಳಿದ್ದೆ, ಅದೊಂದನ್ನು ಬಿಟ್ಟು ಎಲ್ಲ ಬರೆದಿದ್ದೀರಿ.

ಈಗ ನನ್ನ ತಲೆಯಲ್ಲಿ ಇರುವುದು ಆ ದಾದೊಂಗ್. ಅವರಿಗೆ ವಯಸ್ಸೆಷ್ಟು? ತಟ್ಟೆ ತಾವೇ ಹೆಣೆಯುತ್ತಾರಾ, ಕೊಳ್ಳುತ್ತಾರಾ? ನೆಲದ ಮೇಲಿನ ತಟ್ಟೆಯಲ್ಲೂ ಗುಡಿಯ ಮೇಲಿನ ತಟ್ಟೆಯಲ್ಲೂ ಇರುವುದು ಒಂದೇನಾ, ಬೇರೆ ಬೇರೆಯಾ? ಸರಿಯಾಗಿ ನೋಡಿ ಬರೆಯಿರಿ. ಬೇರೆ ಬೇರೆ ಇದ್ದರೆ ಅದಕ್ಕೆ ಕಾರಣ ಇರಬೇಕಲ್ಲ. ನಕ್ಕರು ಎಂದಿರಿ. ನಗು ಎಂತಹದು? ನಾನು ಮೂವತ್ತು ವರ್ಷ ಲ್ಯಾಬಿನಲ್ಲಿ ಬಾಸ್ ಹೇಳಿದ್ದಕ್ಕೆಲ್ಲ ನಕ್ಕಿದ್ದೇನೆ, ಖುಷಿಯಾಗಿ ಅಲ್ಲ.

ಇಲ್ಲಿ ಮೊದಲ ಹಿಮ ಬಿತ್ತು. ಬೆಳಿಗ್ಗೆ ನಮ್ಮ ಸರದಿಯಾದ್ದರಿಂದ ಏಳು ಗಂಟೆಗೆ ಮೊದಲೇ ಹೊರಗೆ ಹೋಗಿ ಯಾರೂ ಜಾರದಂತೆ ಕಾಲುದಾರಿಗೆ ಉಪ್ಪು ಹಾಕಿದೆ. ಮಂಡಿ ಕಟಕಟ ಅನ್ನುತ್ತದೆ. ಆದರೂ ಯಾರೂ ತುಳಿಯದ ಹಿಮದಲ್ಲಿ ಮೊದಲು ನಡೆಯುವುದು ನನಗೆ ಈಗಲೂ ಇಷ್ಟ. ಇದನ್ನು ನಿಮಗೆ ಯಾವತ್ತೂ ಹೇಳಿಲ್ಲ ಅಂತ ಕಾಣುತ್ತದೆ. ನೀವು ಕೇಳಿಲ್ಲ.

ಹೌದು, ಇನ್ನೊಂದು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ನನ್ನನ್ನು ಕೇಳಿದ ಪ್ರಶ್ನೆ ಒಂದೂ ಇಲ್ಲ.

ಕಲ್ಯಾಣಿ

*

ಸನೂರ್
3 ಜನವರಿ 2025

ಕಲ್ಯಾಣಿಗೆ,

ಹೊಸ ವರ್ಷದ ಶುಭಾಶಯ. ಇಲ್ಲಿ ದಿನಾ ಮಧ್ಯಾಹ್ನ ಮಳೆ. ಕರೆಂಟು ಹೋಗುತ್ತದೆ, ಫ್ಯಾನು ನಿಲ್ಲುತ್ತದೆ, ಗೋಡೆಯ ಹಲ್ಲಿ ಮಾತಾಡಲು ಶುರು ಮಾಡುತ್ತದೆ. ನಿನಗೆ ಅಡುಗೆ ಮಾಡಲು ಹಿಂಬದಿಯ ಜಗಲಿಯನ್ನು ಗೊತ್ತು ಮಾಡಿದ್ದೇನೆ, ಗಾಳಿ ಚೆನ್ನಾಗಿ ಬರುತ್ತದೆ. ಹೊಲಿಗೆ ಮಷೀನಿಗೆ ಕಿಟಕಿಯ ಪಕ್ಕದ ಜಾಗ.

ಗೇಟಿನ ಕಂಬದ ಮೇಲೆ ತಟ್ಟೆ ನಿಲ್ಲುತ್ತಿರಲಿಲ್ಲ, ಗಾಳಿಗೆ ಬೀಳುತ್ತಿತ್ತು. ಹಾಗಾಗಿ ಒಂದು ಸ್ಟ್ಯಾಂಡ್ ಮಾಡಿಸಿದೆ. ಡ್ರಾಯಿಂಗ್ ನಾನೇ ಹಾಕಿದೆ. ಸೊಂಟದ ಎತ್ತರ, ಸ್ಟೇನ್‌ಲೆಸ್ ಸ್ಟೀಲು, ಮೇಲೆ ಅಂಚು ಕಟ್ಟಿದ ತಟ್ಟೆ, ಮಳೆನೀರು ಹರಿಯಲು ತೂತು, ಬುಡದಲ್ಲಿ ಇರುವೆ ಹತ್ತದಂತೆ ನೀರಿನ ಬಟ್ಟಲು. ವೆಲ್ಡಿಂಗಿನವನು ಇದು ಎಂತಕ್ಕೆ ಎಂದು ಕೇಳಿದ. ನಿಮ್ಮ ದೇವರಿಗೆ ಎಂದೆ. ಅವನೂ ನಕ್ಕ. ಇಲ್ಲಿಯವರು ಬಹಳ ನಗುತ್ತಾರೆ.

ಈಗ ಬೆಳಿಗ್ಗೆ ದಾದೊಂಗ್ ನೆಲದ ಮೇಲಿಟ್ಟು ಹೋದ ಕೂಡಲೇ ನಾನು ಎತ್ತಿ ಸ್ಟ್ಯಾಂಡಿನಲ್ಲಿ ಇಡುತ್ತೇನೆ. ಅವರಿಗೆ ಬಗ್ಗುವ ಕಷ್ಟ ಯಾಕೆ ಎಂದು ಸ್ಟ್ಯಾಂಡನ್ನು ತೋರಿಸಿದೆ, ಕೈಸನ್ನೆಯಲ್ಲಿ ವಿವರಿಸಿದೆ. ತಲೆಯಾಡಿಸಿದರು, ಮಾರನೇ ದಿನ ಮತ್ತೆ ನೆಲದಲ್ಲೇ ಇಟ್ಟರು. ಹಳೇ ಅಭ್ಯಾಸ, ನಿಧಾನವಾಗಿ ಹೋಗುತ್ತದೆ. ತಟ್ಟೆಗಳು ಬೇರೆ ಬೇರೆಯೇ. ಮೇಲಿನದರಲ್ಲಿ ಹೂ, ಕೆಳಗಿನದರಲ್ಲಿ ಬಣ್ಣದ ಅನ್ನ, ಈರುಳ್ಳಿ, ಶುಂಠಿ, ಉಪ್ಪು.

ಮಂಗಳವಾರದ ಟೇಬಲಿನಿಂದ ಒಂದು ದಂಪತಿ ಊರಿಗೆ ವಾಪಸಾದರು. ಹತ್ತು ವರ್ಷ ಇದ್ದವರು. ಹೋಗುವಾಗ ಹೆಂಡತಿ ಅತ್ತಳು, ಗಂಡ ಬ್ರೆಡ್ಡಿನ ಬಗ್ಗೆ ಮಾತಾಡಿದ. ಅವರ ಓಣಿಯಲ್ಲಿ ಅವರನ್ನು ಕಳಿಸಿಕೊಡಲು ಬಂದದ್ದು ಮನೆಕೆಲಸದವಳು ಮಾತ್ರ. ನನಗೆ ಹಾಗಾಗುವುದಿಲ್ಲ. ನಾನು ಹಿಂದೂ, ಇವರೂ ಹಿಂದೂಗಳು, ನಮ್ಮದು ಬೇರೆ ಲೆಕ್ಕ.

ಮಾರ್ಚ್ ದೂರವಿಲ್ಲ. ನೆನಪಿರಲಿ.

ನಿನ್ನ,
ಜಗನ್ನಾಥ

*

ಬೊಬ್ಲಿಂಗೆನ್
26 ಜನವರಿ 2025

ಸುರಭಿಯ ಅಪ್ಪನಿಗೆ,

ಅನ್ನ, ಈರುಳ್ಳಿ, ಶುಂಠಿ, ಉಪ್ಪು. ಇದನ್ನು ಓದಿ ನಾನು ಕಾಗದ ಕೆಳಗಿಟ್ಟೆ. ನಿಮಗೆ ಏನೂ ನೆನಪಾಗಲಿಲ್ಲವಾ?

ನಿಮ್ಮ ಮನೆಯ ಹಿಂದೆ ಕಾಸರ್ಕದ ಮರದ ಬುಡದಲ್ಲಿ ಗುಳಿಗ ದೈವದ ಕಲ್ಲು ಇತ್ತು. ನಾನು ಮದುವೆಯಾಗಿ ಬಂದ ವರ್ಷ, ದೈವಕ್ಕೆ ಬಡಿಸುವ ತಂಬಿಲದ ದಿನ, ಅತ್ತೆ ನನ್ನ ಕೈಯಲ್ಲಿ ಬಾಳೆಲೆ ಕೊಟ್ಟರು, ಅವಲಕ್ಕಿ, ಹೊದಲು, ಬೆಲ್ಲ, ಎಳನೀರು. ನಾನು ಹೊಸಬಳು, ಎಲೆಯನ್ನು ಕಲ್ಲಿನ ಕಟ್ಟೆಯ ಮೇಲೆ ಇಡಲು ಹೋದೆ. ಅತ್ತೆ ಕೈ ಹಿಡಿದರು. "ಅಲ್ಲಿ ಅಲ್ಲ ಮಗಾ, ನೆಲದಲ್ಲಿ. ನೆಲದವನಿಗೆ ನೆಲದಲ್ಲೇ ಬಡಿಸಬೇಕು" ಎಂದರು. ಆಮೇಲೆ ನಾವು ತಿರುಗಿ ನೋಡದೆ ಬಂದೆವು. ಕಾಗೆಯೋ ನಾಯಿಯೋ ತಿಂದರೆ ಒಳ್ಳೆಯದು ಎಂದರು. ನೀವು ಪಕ್ಕದಲ್ಲೇ ನಿಂತಿದ್ದಿರಿ, ಮುಂಡು ಉಟ್ಟುಕೊಂಡು, ಸೊಳ್ಳೆ ಹೊಡೆಯುತ್ತ.

ಅದು ನಮ್ಮಿಬ್ಬರಿಗೂ ಮರೆತುಹೋಯಿತು ನೋಡಿ. ಮರೆಯದೆ ಏನು ಮಾಡುವುದು? ಇಲ್ಲಿ ನಾವು ಮೂರನೇ ಮಹಡಿಯವರು. ನಮಗೆ ನೆಲ ಎನ್ನುವುದೇ ಇಲ್ಲ, ನಮ್ಮ ನೆಲ ಕೆಳಗಿನವರ ಮಾಡು. ದೇವರೆಲ್ಲ ಪುಸ್ತಕದ ಕಪಾಟಿನ ಮೇಲಿನ ಅರೆಯಲ್ಲಿ. ಇಷ್ಟು ವರ್ಷ ದೇವರು ಎಂದರೆ ಕತ್ತೆತ್ತಿ ನೋಡುವುದು ಎಂದೇ ಆಯಿತು. ಕೆಳಗೂ ಒಬ್ಬರಿದ್ದಾರೆ, ಅವರಿಗೂ ಹಸಿವಾಗುತ್ತದೆ ಎಂಬುದು ಬಿಟ್ಟೇಹೋಯಿತು.

ದಾದೊಂಗ್ ಇಡುವುದೂ ಹಾಗೇ ಯಾರೋ ಕೆಳಗಿನವರಿಗೆ ಇರಬಹುದು. ಅಲ್ಲದೆಯೂ ಇರಬಹುದು, ನನಗೆ ಗೊತ್ತಿಲ್ಲ. ಗೊತ್ತಿಲ್ಲದಿದ್ದರೆ ಕೇಳುವುದಕ್ಕೆ ಎಂತ? ವಾಯನ್‌ಗೆ ಇಂಗ್ಲಿಷ್ ಬರುತ್ತದೆ ಎಂದು ಮೊದಲು ಫೋನಿನಲ್ಲಿ ಹೇಳಿದ್ದಿರಿ. ಸ್ಟ್ಯಾಂಡ್ ಬೇಕು ಎಂದು ದಾದೊಂಗ್ ಕೇಳಿದ್ದರಾ? ವೆಲ್ಡಿಂಗಿನವನು ನಕ್ಕಾಗಲಾದರೂ ನಿಮಗೆ ಕುತೂಹಲ ಹುಟ್ಟಲಿಲ್ಲವಾ?

ಗುಡುಗುತ್ತಿದ್ದೇನೆ ಎಂದುಕೊಳ್ಳಬೇಡಿ. ನನಗೆ ನಿಜವಾಗಿ ತಿಳಿಯಬೇಕು. ಬೇಗ ಬರೆಯಿರಿ.

ಕಲ್ಯಾಣಿ

*

ಸನೂರ್
20 ಫೆಬ್ರವರಿ 2025

ಕಲ್ಯಾಣಿಗೆ,

ನಿನ್ನ ಪತ್ರ ಬರುವ ಮೊದಲೇ ಒಂದು ಸಂಗತಿ ನಡೆದಿತ್ತು. ದಾದೊಂಗ್ ನನ್ನ ಗೇಟಿಗೆ ಬರುವುದನ್ನು ನಿಲ್ಲಿಸಿದ್ದಾರೆ. ಹುಷಾರಿಲ್ಲವೇನೋ ಎಂದುಕೊಂಡೆ. ಹುಷಾರಾಗಿಯೇ ಇದ್ದಾರೆ. ಓಣಿಯ ಎಲ್ಲ ಗೇಟಿಗೂ ಇಡುತ್ತಾರೆ, ನನ್ನ ಗೇಟು ದಾಟಿ ಹೋಗುತ್ತಾರೆ. ಸಿಕ್ಕಿದರೆ ಈಗಲೂ ನಗುತ್ತಾರೆ.

ಅಮ್ಮನ ಮಾತು ನೀನು ಬರೆದ ಮೇಲೆ ನೆನಪಾಯಿತು. ಅಲ್ಲಿಯವರೆಗೆ ನೆನಪಾಗಿರಲಿಲ್ಲ. ವಾಯನ್‌ನನ್ನು ಕೇಳಬೇಕು. ನಾಚಿಕೆಯಾಗುತ್ತದೆ.

ಸ್ವಲ್ಪ ಜ್ವರ ಬಂದಿತ್ತು, ಈಗ ಇಲ್ಲ. ಯಾರ ಬಾಗಿಲನ್ನೂ ತಟ್ಟಲಿಲ್ಲ.

ಜಗನ್ನಾಥ

*

ಬೊಬ್ಲಿಂಗೆನ್
9 ಮಾರ್ಚ್ 2025

ಸುರಭಿಯ ಅಪ್ಪನಿಗೆ,

ಜ್ವರವನ್ನು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಫೋನಿನಲ್ಲಿ "ಹುಷಾರು" ಎಂದಿರಲ್ಲ, ಅದೂ ಸುಳ್ಳಾ? ಮೂರು ದಿನ ನನಗೆ ಮನೆಗೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಇನ್ನೊಮ್ಮೆ ಹೀಗೆ ಮಾಡಿದರೆ ತುಳುವಿನಲ್ಲೇ ಪತ್ರ ಬರೆಯುತ್ತೇನೆ.

ಈಗ ಇಲ್ಲಿ ನಡೆದದ್ದು ಕೇಳಿ. ನಿಮ್ಮ ದಾದೊಂಗ್ ತಲೆಯಿಂದ ಹೋಗಲೊಲ್ಲರು. ನೆಲದಲ್ಲಿ ಇಟ್ಟರೆ ಏನಾಗುತ್ತದೆ ಎಂದು ನನಗೇ ನೋಡಬೇಕೆನಿಸಿತು. ನಿನ್ನೆ ಶನಿವಾರ ನಮ್ಮ ಸರದಿ. ಮೆಟ್ಟಿಲೆಲ್ಲ ಗುಡಿಸಿ ಒರೆಸಿದ ಮೇಲೆ ಒಂದು ಎಲೆಕೋಸಿನ ಎಲೆಯಲ್ಲಿ ಸ್ವಲ್ಪ ಅನ್ನ, ಬೆಲ್ಲದ ಚೂರು, ಬಾಲ್ಕನಿಯ ಪ್ರಿಮುಲಾದ ಒಂದು ಹೂ ಇಟ್ಟೆ. ಕೆಳಗೆ ಹೋಗಿ ಕಟ್ಟಡದ ಬಾಗಿಲ ಹತ್ತಿರ, ಸೈಕಲ್ ನಿಲ್ಲಿಸುವಲ್ಲಿ, ಮಣ್ಣು ಕಾಣುವ ಒಂದು ಮೂಲೆಯಿದೆಯಲ್ಲ, ಅಲ್ಲಿಟ್ಟೆ. ಅತ್ತೆ ಹೇಳಿದ ಹಾಗೆ ತಿರುಗಿ ನೋಡದೆ ಬಂದೆ. ಮೂವತ್ತು ವರ್ಷದಿಂದ ನಡೆದಾಡಿದ ಜಾಗ, ಆದರೂ ಕದ್ದವಳ ಹಾಗೆ ಬೇಗ ಬೇಗ ಮೆಟ್ಟಿಲು ಹತ್ತಿದೆ.

ಸಂಜೆ ಬೆಲ್ ಆಯಿತು. ಫ್ರೌ ಕ್ಯೂಬ್ಲರ್ ನಿಂತಿದ್ದಾರೆ. ಕೈಯಲ್ಲಿ ಅವರ ಒಳ್ಳೆಯ ಪಿಂಗಾಣಿ ತಟ್ಟೆ, ಅದರ ಮೇಲೆ ನನ್ನ ಎಲೆ. ಎಲೆಗೆ ಅಂಟಿದ್ದ ಮಣ್ಣು ಒರೆಸಿದ್ದಾರೆ, ಚೆಲ್ಲಿದ ಅನ್ನವನ್ನು ಸೇರಿಸಿಟ್ಟಿದ್ದಾರೆ, ಹೂವನ್ನು ನಡುವೆ ಇಟ್ಟಿದ್ದಾರೆ. "ಫ್ರೌ ಶೆಟ್ಟಿ, ಇದು ನಿಮ್ಮದಿರಬೇಕು. ಕೆಳಗೆ ಬಿದ್ದಿತ್ತು. ಯಾರಾದರೂ ತುಳಿದಾರು ಎಂದು ತಂದೆ" ಎಂದರು.

ಎಷ್ಟು ಜೋಪಾನವಾಗಿ ಹಿಡಿದಿದ್ದರು ಗೊತ್ತಾ? ನನಗೆ ನಗುವೂ ಬಂತು, ಅಳುವೂ ಬಂತು. ಅವರು ಎತ್ತಿದ್ದು ಗೌರವದಿಂದಲೇ. ನೀವು ಸ್ಟ್ಯಾಂಡ್ ಮಾಡಿಸಿದ್ದೂ ಗೌರವದಿಂದಲೇ. ಎತ್ತಿಡುವವರೆಲ್ಲ ಒಳ್ಳೆಯವರೇ. ಒಳಗೆ ಬಂದು ಫ್ರಿಜ್ಜು ತೆಗೆಯುವಾಗ ನಿಮ್ಮ ಸಹಿ ಕಣ್ಣಿಗೆ ಬಿತ್ತು, ಆಗ ಇಷ್ಟು ದಿನ ನನ್ನನ್ನು ಸಹಿ ಹಾಕಲು ಬಿಡದಿದ್ದುದು ಏನು ಎಂದು ತಿಳಿಯಿತು.

ನೀವು ನನ್ನನ್ನೂ ಹಾಗೇ ಎತ್ತಲು ಹೊರಟಿದ್ದೀರಿ. ಗಾಳಿ ಬರುವ ಜಗಲಿ, ಕಿಟಕಿಯ ಪಕ್ಕ ಹೊಲಿಗೆ ಮಷೀನು, ಎಲ್ಲ ಪ್ರೀತಿಯಿಂದಲೇ, ಅದು ನನಗೆ ಗೊತ್ತು. ಆದರೆ ನಾನು ಕೆಳಗೆ ಬಿದ್ದಿಲ್ಲ. ಇಟ್ಟ ಜಾಗದಲ್ಲಿ ಇದ್ದೇನೆ. ಈ ಜಾಗ ಯಾರಿಗಾಗಿ, ಯಾಕಾಗಿ ಎಂದು ನೀವು ಒಂದು ಸಲವೂ ಕೇಳಲಿಲ್ಲ.

ಆ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ. ಮಾರ್ಚ್ ಕೊನೆ ಬಂದು ಹೋಗಲಿ.

ಕಲ್ಯಾಣಿ

*

ಸನೂರ್
30 ಮಾರ್ಚ್ 2025

ಕಲ್ಯಾಣಿಗೆ,

ನಿನ್ನ ಪತ್ರ ಬುಧವಾರ ಬಂತು. ಎರಡು ದಿನ ಬಿಟ್ಟು ಇಲ್ಲಿ ವರ್ಷದ ದೊಡ್ಡ ದಿನದ ಮುನ್ನಾದಿನ. ಮಾರನೇ ದಿನ ನ್ಯೆಪಿ, ಇಡೀ ದ್ವೀಪ ಬಾಯಿ ಮುಚ್ಚಿ ಕೂರುವ ದಿನ. ದೀಪ ಹಚ್ಚುವಂತಿಲ್ಲ, ಒಲೆ ಹಚ್ಚುವಂತಿಲ್ಲ, ರಸ್ತೆಗೆ ಇಳಿಯುವಂತಿಲ್ಲ, ವಿಮಾನವೂ ಇಳಿಯುವುದಿಲ್ಲ. ಅದಕ್ಕೆ ಮೊದಲು ನೆಲದವರಿಗೆಲ್ಲ ಬಡಿಸಿ ಕಳಿಸಬೇಕು. ಓಣಿಯ ಪ್ರತಿ ಗೇಟಿನ ಮುಂದೆ ನೆಲದಲ್ಲಿ ಬಣ್ಣದ ಅನ್ನದ ಎಲೆ. ನನ್ನ ಗೇಟಿನ ಮುಂದೆ ಬರೀ ಸಿಮೆಂಟು. ಸ್ಟ್ಯಾಂಡಿನ ಮೇಲೆ ದಾದೊಂಗ್‌ರ ಕೋಳಿ ಕೂತಿತ್ತು. ನಾನು ಅಲ್ಲಿ ನಿಂತು, ಊರಿಗೆಲ್ಲ ಊಟವಿರುವ ದಿನ ಎಲೆ ಹಾಕದ ಮನೆಯವನ ಹಾಗೆ ನೋಡಿದೆ. ಕಲ್ಯಾಣಿ, ಅಷ್ಟು ಒಂಟಿ ಅನ್ನಿಸಿದ್ದು ನೆನಪಿಲ್ಲ.

ಕಾಲೆಳೆದುಕೊಂಡು ವಾಯನ್‌ನ ಅಂಗಳಕ್ಕೆ ಹೋದೆ. ದಾದೊಂಗ್ ಕೂತು ಗರಿ ಹೆಣೆಯುತ್ತಿದ್ದರು. ನನ್ನ ಗೇಟಿಗೆ ಯಾಕೆ ಇಡುವುದಿಲ್ಲ ಎಂದು ವಾಯನ್‌ನಿಂದ ಕೇಳಿಸಿದೆ. ಅವರು ಆಶ್ಚರ್ಯಪಟ್ಟರು. ವಾಯನ್ ತಿರುಗಿಸಿ ಹೇಳಿದ್ದು ಇಷ್ಟು: "ನೀವು ದಿನಾ ಎತ್ತಿ ವಾಪಸ್ ಮಾಡ್ತಿದ್ರಿ. ನಿಮ್ಮಲ್ಲಿ ಇದು ಬೇಡವೇನೋ ಅಂದ್ಕೊಂಡೆ. ಬೇಡದವರ ಬಾಗಿಲಲ್ಲಿ ಇಟ್ಟು ಯಾಕೆ ತೊಂದರೆ ಕೊಡೋದು ಅಂತ ಬಿಟ್ಟೆ." ವಾಪಸ್ ಮಾಡಲಿಲ್ಲ, ಗೌರವ ಕೊಟ್ಟೆ ಎಂದೆ. ಅವರು ಕೈಯಲ್ಲಿದ್ದ ಗರಿಯನ್ನು ಮಡಿಲಲ್ಲಿಟ್ಟರು. "ಮೇಲಿನವರಿಗೆ ಮೇಲೆ ಇಟ್ಟೇ ಇರ್ತೀನಲ್ಲ. ಕೆಳಗಿನವರ ಊಟ ಎತ್ತಿ ಮೇಲಿಟ್ರೆ ಅವರು ಹೇಗೆ ತಿನ್ನಬೇಕು?" ಎಂದರು.

ಅಮ್ಮನ ಮಾತೇ. ಬೇರೆ ಭಾಷೆಯಲ್ಲಿ, ಬೇರೆ ಮುದುಕಿಯ ಬಾಯಲ್ಲಿ. ನನ್ನ ಕಣ್ಣು ತುಂಬಿತು, ದಾದೊಂಗ್‌ಗೆ ಗಾಬರಿಯಾಗಿ ನೀರು ತರಿಸಿದರು. ಮೊದಲೇ ಯಾಕೆ ಹೇಳಲಿಲ್ಲ ಎಂದೆ. "ನೀವು ಕೇಳಲಿಲ್ಲ" ಎಂದರು. ಆಮೇಲೆ ನನಗೂ ಒಂದು ಎಲೆ ಕೊಟ್ಟರು, ನಾನೇ ಹೋಗಿ ಗೇಟಿನ ಮುಂದೆ ಬಗ್ಗಿ ಇಟ್ಟೆ.

ನ್ಯೆಪಿಯ ದಿನ ಮಾಡಲು ಏನೂ ಇರಲಿಲ್ಲ. ಕತ್ತಲಾದ ಮೇಲೂ ದೀಪವಿಲ್ಲ. ಮಂಗಳವಾರದ ಟೇಬಲಿನವರು ಇಂಟರ್ನೆಟ್ ಇಲ್ಲ ಎಂದು ವಾರದಿಂದ ಗೊಣಗುತ್ತಿದ್ದರು. ನನಗೆ ಒಳ್ಳೆಯದೇ ಆಯಿತು. ನಿನ್ನ ಪತ್ರಗಳನ್ನೆಲ್ಲ ಹಗಲಿನಲ್ಲೇ ಮತ್ತೆ ಓದಿದೆ. ಎಷ್ಟು ಕೇಳಿದ್ದೀಯ. ನೀರು, ಕಸ, ಜ್ವರ, ಅಜ್ಜಿಯ ನಗು. ನಾನು ಬರೀ ಹೇಳಿದ್ದೇನೆ. ಇಲ್ಲಿ ಯಾರೂ ಏನೂ ಕೇಳುವುದಿಲ್ಲ, ಅದೊಂದು ಸುಖ ಎಂದು ಬರೆದಿದ್ದೆನಲ್ಲ, ಅದು ಸುಖವಲ್ಲ. ಕೆಲಸ ಬಿಟ್ಟ ಮೇಲೆ ಬೊಬ್ಲಿಂಗೆನ್‌ನಲ್ಲಿ ನನ್ನನ್ನು ಕೇಳುವವರೇ ಇಲ್ಲ ಎಂದು ಸಿಟ್ಟು ಮಾಡಿಕೊಂಡು ಬಂದವನು ನಾನು. ಮನೆಯಲ್ಲೇ ಒಬ್ಬಳು ದಿನವಿಡೀ ಕೇಳುತ್ತಿದ್ದಳು. ಅದನ್ನು ಕಿರಿಕಿರಿ ಎಂದುಕೊಂಡಿದ್ದೆ.

ಫ್ರಿಜ್ಜಿನ ಮೇಲಿನ ಕಾಗದವನ್ನು ಹರಿದುಹಾಕು.

ಒಂದು ಪ್ರಶ್ನೆ ಇದೆ. ಅವಸರವಿಲ್ಲ. ನಿನಗೆ ಎಲ್ಲಿ ಇರಬೇಕು ಅನ್ನಿಸುತ್ತದೆ, ಕಲ್ಯಾಣಿ?

ನಿನ್ನ,
ಜಗನ್ನಾಥ

*

ಬೊಬ್ಲಿಂಗೆನ್
17 ಏಪ್ರಿಲ್ 2025

ಸುರಭಿಯ ಅಪ್ಪನಿಗೆ,

ನಿಮ್ಮ ಪ್ರಶ್ನೆಗೆ ಉತ್ತರ ಗೊತ್ತಿಲ್ಲ. ಇದು ನಿಜವಾದ ಉತ್ತರ, ಸಿಟ್ಟಿನ ಉತ್ತರ ಅಲ್ಲ. ಈ ಊರಿಗೆ ಬರುವಾಗಲೂ ನೀವು ಕೇಳಿರಲಿಲ್ಲ, ಟಿಕೆಟ್ ತೋರಿಸಿದ್ದಿರಿ. ಆಮೇಲೆ ನನಗೆ ಈ ಊರು ಇಷ್ಟವಾಯಿತು, ಅದು ಬೇರೆ ಮಾತು. ಮದುವೆಯಾದಾಗಿನಿಂದ ಯಾರೂ ಕೇಳದ ಪ್ರಶ್ನೆ ಇದು. ನನ್ನ ಬಾಯಿಗೆ ಉತ್ತರದ ಅಭ್ಯಾಸ ಇಲ್ಲ. ನಿಮ್ಮ ಪತ್ರ ಹಿಡಿದುಕೊಂಡು ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತಿದ್ದೆ. ಅನ್ನ ಸೀದುಹೋಯಿತು.

ಕ್ಯುಂಡಿಗುಂಗ್ ಹರಿಯಲಿಲ್ಲ, ಅದು ಕೆಲಸಕ್ಕೆ ಬಂತು. ಪಿಂಗಾಣಿ ತಟ್ಟೆ ವಾಪಸ್ ಕೊಡಲು ಹೋದಾಗ ಫ್ರೌ ಕ್ಯೂಬ್ಲರ್ ಕಾಫಿಗೆ ಕೂರಿಸಿದರು. ಅದು ಬಿದ್ದದ್ದಲ್ಲ, ಇಟ್ಟದ್ದು ಎಂದು ಹೇಳಿದೆ. ಯಾರಿಗೆ ಎಂದು ಕೇಳಿದರು. ಫ್ರಿಜ್ಜಿನ ಮೇಲಿದ್ದ ಆ ಕಾಗದ ತಂದು ಅದರ ಹಿಂಬದಿಯಲ್ಲಿ ಮರ, ಕಲ್ಲು, ಬಾಳೆಲೆ ಎಲ್ಲದರ ಚಿತ್ರ ಬರೆದು ತೋರಿಸಿದೆ. ಕಾಗೆ ತಿನ್ನಬೇಕಾ, ನಾಯಿ ತಿಂದರೂ ನಡೆಯುತ್ತದಾ, ಹಿಮ ಬಿದ್ದರೆ ಏನು ಮಾಡುತ್ತೀರಿ ಎಂದು ಒಂದಾದ ಮೇಲೆ ಒಂದು ಕೇಳಿದರು. ಇಷ್ಟು ವರ್ಷ ಎದುರುಬದುರು ಇದ್ದು ನಾವು ಮಾತಾಡಿದ್ದು ಪೊರಕೆಯ ವಿಷಯ ಮಾತ್ರ.

ಕಳೆದ ಶನಿವಾರ ಬೋರ್ಡು ಅವರ ಬಾಗಿಲಿಗಿತ್ತು. ಬೆಳಿಗ್ಗೆ ನಾನು ಸುಮ್ಮನೆ ಅದೇ ಮೂಲೆಯಲ್ಲಿ ಒಂದು ಎಲೆ ಇಟ್ಟು ಬಂದೆ. ಮಧ್ಯಾಹ್ನ ಇಳಿದು ನೋಡಿದರೆ ಅಂಗಳವೆಲ್ಲ ಗುಡಿಸಿ ಲಕಲಕ ಮಾಡಿದ್ದಾರೆ. ಎಲೆಯ ಸುತ್ತ ಪೊರಕೆಯ ಗೆರೆ ಬಳಸಿಕೊಂಡು ಹೋಗಿತ್ತು. ಎಲೆ ಇದ್ದಲ್ಲೇ ಇತ್ತು, ಅನ್ನ ಅರ್ಧ ಖಾಲಿಯಾಗಿತ್ತು.

ನಾನು ಮೇ ಹನ್ನೊಂದಕ್ಕೆ ಹೊರಡುತ್ತೇನೆ. ಹಿಂದಿರುಗುವ ಟಿಕೆಟ್ಟೂ ತೆಗೆದಿದ್ದೇನೆ, ಆಗಸ್ಟ್‌ನಲ್ಲಿ. ಅದರಲ್ಲಿ ಒಬ್ಬಳೇ ಬರುತ್ತೇನಾ, ಇಬ್ಬರೂ ಬರುತ್ತೇವಾ, ಬರುವುದೇ ಇಲ್ಲವಾ, ನೋಡೋಣ. ಮನೆ ಹೀಗೇ ಇರುತ್ತದೆ. ನಮ್ಮ ಸರದಿಯನ್ನು ಫ್ರೌ ಕ್ಯೂಬ್ಲರ್ ಗುಡಿಸುತ್ತಾರಂತೆ, ವಾಪಸ್ ಬಂದ ಮೇಲೆ ಅವರದನ್ನು ನಾನು ಗುಡಿಸಬೇಕು ಎಂದು ಮಾತಾಗಿದೆ. ಹೊಲಿಗೆ ಮಷೀನು ಎಲ್ಲಿಡಬೇಕು ಎಂದು ನಾನು ಬಂದು ನೋಡಿ ಹೇಳುತ್ತೇನೆ.

ದಾದೊಂಗ್‌ಗೆ ಏನು ತರಲಿ? ಕೇಳಿ ಬರೆಯಿರಿ, ನೀವೇ ಊಹಿಸಬೇಡಿ. ಕೋಳಿಗೆ ಸ್ಟ್ಯಾಂಡ್ ಬಿಟ್ಟುಕೊಡಿ.

ನಾನು ಬರುವ ದಿನ ಗೇಟಿನ ಮುಂದೆ ನಿಮ್ಮ ಕೈಯಿಂದಲೇ ಒಂದು ಎಲೆ ಇಟ್ಟಿರಿ, ನೆಲದಲ್ಲಿ. ನಾನು ಪಕ್ಕದಿಂದ ಬಳಸಿ ಒಳಗೆ ಬರುತ್ತೇನೆ.

ನಿಮ್ಮ,
ಕಲ್ಯಾಣಿ